ಹಿಟ್ಟಪ್ಪನ ಹಿಟ್ಟಿಲ್ಲದ ಬಿಸ್ಕತ್ತು

ಸುಳ್ಳು ಎನ್ನುತ್ತೀಯಾ? ಅನ್ನಯ್ಯಾ, ಧಾರಾಳವಾಗಿ ಅನ್ನು. ಮೈದಾ ಇಲ್ಲದೆ, ಸಕ್ಕರೆ ಇಲ್ಲದೆ ಬಿಸ್ಕತ್ತು ಆಗುವುದೇ ಇಲ್ಲ ಎಂದು ಈಗ ತಲೆಯಾಡಿಸುತ್ತಿದ್ದೀಯಲ್ಲ, ಹಿಟ್ಟಪ್ಪ ಇದಕ್ಕಿಂತ ಜೋರಾಗಿ ತಲೆಯಾಡಿಸಿದ್ದ. ಆಗ ಅವನ ಕೂದಲಿನಿಂದ ಉದುರಿದ ಹಿಟ್ಟಿನಲ್ಲಿ ಎರಡು ಬನ್ನು ಮಾಡಬಹುದಿತ್ತು. ಸರಿ, ಎರಡು ಬೇಡ, ಒಂದು. ಮೊದಲು ಕೇಳು, ಆಮೇಲೆ ತಲೆಯಾಡಿಸು.

ಹಿಟ್ಟಪ್ಪ ನಮ್ಮ ಬೀದಿಯ ಬೇಕರಿಯವನು. ನಲವತ್ತೊಂದು ವರ್ಷ ಒಂದೇ ಭಟ್ಟಿಯ ಮುಂದೆ ನಿಂತು ಬ್ರೆಡ್ಡು, ಬನ್ನು, ರಸ್ಕು, ಬಿಸ್ಕತ್ತು ಬೇಯಿಸಿದವನು. ಹುಬ್ಬಿನಲ್ಲಿ ಹಿಟ್ಟು, ಕಿವಿಯ ಸಂದಿಯಲ್ಲಿ ಹಿಟ್ಟು, ಮೀಸೆಯಲ್ಲಂತೂ ಕೇಳಲೇಬೇಡ. ಆ ಮೀಸೆ ಒಳಗೆ ಕಪ್ಪೋ ಬಿಳಿಯೋ ಎಂದು ಎದುರಂಗಡಿಯ ದರ್ಜಿ ತನ್ನ ಗಿರಾಕಿಗಳೊಡನೆ ಹತ್ತು ವರ್ಷ ವಾದ ಮಾಡಿದ್ದ. ಒಮ್ಮೆ ಹಿಟ್ಟಪ್ಪ ಬಾಗಿಲಲ್ಲಿ ನಿಂತು ಸೀನಿದಾಗ, ಮಂಜು ಕವಿಯಿತೆಂದು ಸ್ಕೂಟರಿನವನೊಬ್ಬ ದೀಪ ಹಾಕಿಕೊಂಡು ಹೋದನಂತೆ. ಅದನ್ನು ನಾನು ನೋಡಲಿಲ್ಲ. ದರ್ಜಿ ನೋಡಿದ್ದಾನೆ.

ಆ ಬೇಕರಿಗೆ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಬೆಳಿಗ್ಗೆ ಆರೂವರೆಗೆ ಮೊದಲ ತಟ್ಟೆಯ ಬಿಸ್ಕತ್ತು ಭಟ್ಟಿಯಿಂದ ಹೊರಗೆ ಬರಬೇಕು. ಅದರಲ್ಲೊಂದನ್ನು ಹಿಟ್ಟಪ್ಪನ ಹೆಂಡತಿ ಕಚ್ಚಬೇಕು. ಕಚ್ಚಿ ಒಂದು ತಪ್ಪು ಹೇಳಬೇಕು. ಆಮೇಲೇ ಷಟರ್ ಮೇಲೆ ಹೋಗುವುದು. ಹೊರಗೆ ಬ್ರೆಡ್ಡಿಗೆ ಎಷ್ಟೇ ಜನ ನಿಂತು ಕೆಮ್ಮಲಿ, ಷಟರ್ ಬಡಿಯಲಿ, ತಪ್ಪು ಹೇಳುವವರೆಗೆ ಬಾಗಿಲಿಲ್ಲ.

ಇದು ಶುರುವಾದದ್ದು ಅಂಗಡಿ ತೆರೆದ ಮೊದಲ ವಾರ. ಅಂದು ಹಿಟ್ಟಪ್ಪ ಸಕ್ಕರೆಯ ಬದಲು ಒಂದು ಸೇರು ಉಪ್ಪು ಸುರಿದು ಬಿಸ್ಕತ್ತು ಮಾಡಿದ್ದ. ತಾನೇ ಒಂದು ತಿಂದು ನೋಡಿ, “ಪಸಂದಾಗಿದೆ” ಎಂದು ಮಾರಿಯೂ ಬಿಟ್ಟಿದ್ದ. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ನೀರು ಕೇಳಿಕೊಂಡು ಬೇಕರಿಗೇ ಬಂದಿತ್ತು. ಹೊಸ ಹೆಂಡತಿ ಅಂದೇ ಸೊಂಟಕ್ಕೆ ಕೈಕೊಟ್ಟು ನಿಂತು ಹೇಳಿದಳು: “ರೀ, ನಿಮ್ಮ ಕೈ ಬಂಗಾರ. ಆದ್ರೆ ನಾಲಿಗೆ ಮಾತ್ರ ಚಪ್ಪಲಿ ಚರ್ಮ. ಇನ್ಮೇಲೆ ಕೈ ನಿಮ್ದು, ನಾಲಿಗೆ ನಂದು.”

ಹಾಗೆ ಕೆಲಸ ಹಂಚಿಕೆಯಾಯಿತು. ಮರುದಿನದಿಂದ ಆಕೆ ಕಚ್ಚುತ್ತಿದ್ದಳು, ಕಣ್ಣು ಮುಚ್ಚಿ ಅಗಿಯುತ್ತಿದ್ದಳು, ತೀರ್ಪು ಕೊಡುತ್ತಿದ್ದಳು. “ಬೆಣ್ಣೆ ನಿನ್ನೇದು.” “ಎಡಗಡೆ ಸಾಲು ಬೆಂದಿಲ್ಲ.” “ನಾದುವಾಗ ಯಾರ ಮೇಲೆ ಸಿಟ್ಟಿತ್ತು? ಗಟ್ಟಿಯಾಗಿದೆ.” ಬಿಸ್ಕತ್ತಿನಲ್ಲಿ ತಪ್ಪು ಸಿಗದ ದಿನ ತಟ್ಟೆಯಲ್ಲಿ ಹುಡುಕುತ್ತಿದ್ದಳು, ತಟ್ಟೆಯಲ್ಲೂ ಸಿಗದಿದ್ದರೆ ಗಂಡನ ಅಂಗಿಯ ಗುಂಡಿಯಲ್ಲಿ. ಚೆನ್ನಾಗಿದೆ ಎಂಬ ಮಾತನ್ನು ನಲವತ್ತೊಂದು ವರ್ಷದಲ್ಲಿ ಆಕೆ ಒಂದು ಸಲವೂ ಆಡಲಿಲ್ಲ. ಹಿಟ್ಟಪ್ಪನೂ ಅದನ್ನು ಬಯಸಲಿಲ್ಲ. ತಪ್ಪು ಕಿವಿಗೆ ಬಿದ್ದರೆ ಅವನಿಗೆ ಬೆಳಗಾಗುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಆಕೆ ಬಿಸ್ಕತ್ತು ತೆಗೆದುಕೊಂಡಳು, ಕಿಟಕಿಯ ಕಡೆ ತಿರುಗಿದಳು, ಕಟುಂ ಎಂದು ಸದ್ದಾಯಿತು, ಹೇಳಿದಳು:

“ಚೆನ್ನಾಗಿದೆ.”

ಹಿಟ್ಟಪ್ಪನ ಕೈಯಲ್ಲಿದ್ದ ಇಕ್ಕಳ ಕಾಲ ಮೇಲೆ ಬಿತ್ತು. ನೋವಾಯಿತೆಂದು ಅವನಿಗೆ ತಿಳಿದದ್ದು ಹತ್ತು ನಿಮಿಷದ ಮೇಲೆ.

“ಏನಂದೆ?”

“ಚೆನ್ನಾಗಿದೆ ಅಂದೆ. ಬಾಗಿಲು ತೆಗೀರಿ, ಜನ ಕಾಯ್ತಿದಾರೆ.”

ಷಟರ್ ಎತ್ತಿದ. ಆದರೆ ಆ ದಿನವೆಲ್ಲ ಅವನಿಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಿತ್ತು. ಮಂಗಳವಾರವೂ ಆಕೆ ಕಿಟಕಿಯ ಕಡೆ ತಿರುಗಿದಳು, ಕಟುಂ, ಚೆನ್ನಾಗಿದೆ. ಬುಧವಾರ ಬೇಕೆಂದೇ ಒಂದು ತಟ್ಟೆಯನ್ನು ಸೀಯಿಸಿ ಕೊಟ್ಟ. ಇದ್ದಿಲಿನ ಹಾಗಿದ್ದ ಅದಕ್ಕೂ ಅದೇ ಮಾತು. ಅವನು ದರ್ಜಿಯ ಅಂಗಡಿಗೆ ಓಡಿದ.

“ಲೋ, ನನ್ ಹೆಂಡ್ತಿ ನನ್ನ ಹೊಗಳ್ತಿದಾಳೆ ಕಣೋ!”

ದರ್ಜಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ಆಸ್ಪತ್ರೆಗೆ ಅವಳನ್ನ ಕರ್ಕೊಂಡ್ ಹೋಗ್ತೀಯೋ, ನೀನೇ ಹೋಗ್ತೀಯೋ?” ಎಂದ.

ದರ್ಜಿ ಹೇಳಿದ್ದು ತಮಾಷೆಗೆ. ಆದರೆ ಆಸ್ಪತ್ರೆಯ ಕೆಲಸ ಅಷ್ಟರಲ್ಲಿ ಆಗಿಹೋಗಿತ್ತು.

ಅದನ್ನು ಬಯಲಿಗೆ ತಂದದ್ದು ಇರುವೆ. ಗುರುವಾರ ಬೆಳಿಗ್ಗೆ ಬೇಕರಿಯ ಗೋಡೆಯ ಮೇಲೆ ಇರುವೆಗಳದೊಂದು ಸಾಲು ಹೊರಟಿತ್ತು. ಬೇಕರಿಯಲ್ಲಿ ಇರುವೆ ಹೊಸದಲ್ಲ, ಆದರೆ ಇವು ಸಕ್ಕರೆಯ ಡಬ್ಬಿಯನ್ನು ಬಿಟ್ಟು ಮೊಳೆಗೆ ನೇತುಹಾಕಿದ್ದ ಹೆಂಡತಿಯ ಸ್ವೆಟರಿನ ಕಡೆ ಹೋಗುತ್ತಿದ್ದವು. ಹಿಟ್ಟಪ್ಪ ಸಾಲಿನ ಹಿಂದೆ ಬೆರಳಿಟ್ಟುಕೊಂಡು ಹೋದ. ಸಾಲು ಸ್ವೆಟರಿನ ಜೇಬಿನೊಳಗೆ ಇಳಿಯಿತು. ಅವನೂ ಕೈ ಇಳಿಸಿದ. ಮೂರು ಬಿಸ್ಕತ್ತು ಸಿಕ್ಕವು. ಮುರಿದಿದ್ದವು, ಆದರೆ ಒಂದಕ್ಕೂ ಹಲ್ಲು ತಗುಲಿರಲಿಲ್ಲ. ಒಂದು ಇದ್ದಿಲಿನ ಹಾಗೆ ಕಪ್ಪಗಿತ್ತು. ಕಟುಂ ಎಂದದ್ದು ಹಲ್ಲಲ್ಲ, ಜೇಬಿನೊಳಗಿನ ಬೆರಳು.

ತುಂಡುಗಳನ್ನು ಅಂಗೈಯಲ್ಲಿ ಹಿಡಿದು ಹೆಂಡತಿಯ ಮುಂದೆ ನಿಂತ. ಆಕೆ ನೋಡಿದಳು, ಪಕ್ಕದಲ್ಲಿದ್ದ ಮೈದಾ ಮೂಟೆಯ ಮೇಲೆ ಕುಸಿದು ಕೂತಳು, ಕೂತವಳು ಕೆಂಡ ಮುಟ್ಟಿದ ಹಾಗೆ ಎದ್ದು ನಿಂತಳು.

“ನಂಗೆ ಮೈದಾ ಆಗಲ್ವಂತೆ ರೀ,” ಎಂದಳು. “ಸಕ್ಕರೇನೂ ಆಗಲ್ವಂತೆ.”

ವಿಷಯ ಹೀಗೆ. ಆರು ತಿಂಗಳಿನಿಂದ ಆಕೆಗೆ ಹೊಟ್ಟೆನೋವು, ಸುಸ್ತು, ತೂಕ ಇಳಿಯುವುದು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ತಾಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಡಾಕ್ಟರು ರಕ್ತ ನೋಡಿದರು, ಕರುಳು ನೋಡಿದರು, ಒಂದೇ ಚೀಟಿಯಲ್ಲಿ ಎರಡು ತೀರ್ಪು ಬರೆದರು. ಗೋಧಿಯಿಂದ ಬಂದ ಯಾವ ಹಿಟ್ಟೂ ಚಿಟಿಕೆಯಷ್ಟೂ ಒಳಗೆ ಹೋಗಕೂಡದು, ಅದು ಕರುಳನ್ನೇ ಸುಡುತ್ತದೆ. ರಕ್ತದಲ್ಲಿ ಸಕ್ಕರೆ ಗೆರೆ ದಾಟಿದೆ, ಆದ್ದರಿಂದ ಸಕ್ಕರೆಯೂ ಬೇಡ, ಬೆಲ್ಲವೂ ಬೇಡ.

ಹಿಟ್ಟಪ್ಪ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ನಲವತ್ತೊಂದು ವರ್ಷ ತಾನು ಪ್ರೀತಿಯಿಂದ ಕೈಗಿಟ್ಟದ್ದೇನು ಎಂದು ಲೆಕ್ಕ ಹಾಕಿದ.

“ನಾನೇ ನಿಂಗೆ ವಿಷ ಹಾಕಿದ್ನೇನೇ?”

“ಥೂ, ಬಿಡ್ತು ಅನ್ನಿ. ಇದು ಇತ್ತೀಚೆಗೆ ಬಂದಿದ್ದಂತೆ. ನಿಮಗೆ ಹೇಳಿದ್ರೆ ಭಟ್ಟಿ ಆರಿಸಿಬಿಡ್ತೀರಿ ಅಂತ ಹೇಳಲಿಲ್ಲ.”

“ಆರಿಸ್ತೀನಿ. ಈಗಲೇ ಆರಿಸ್ತೀನಿ.”

ಆರಿಸಿಯೇ ಬಿಟ್ಟ. ನೀನು ಕಚ್ಚಿ ತಪ್ಪು ಹೇಳುವವರೆಗೆ ಷಟರ್ ಏಳುವುದಿಲ್ಲ, ಪದ್ಧತಿ ಎಂದರೆ ಪದ್ಧತಿ ಎಂದು ಕೂತ. ಅವನದು ಬರೀ ಹಟವೂ ಅಲ್ಲ, ಭಯ. ತಾನು ಮಾಡಿದ್ದು ತಿನ್ನುವ ಹಾಗಿದೆಯೋ ಇಲ್ಲವೋ ಎಂದು ಅವನಿಗೆ ತಿಳಿಯುತ್ತಿದ್ದದ್ದು ಆ ಒಂದು ನಾಲಿಗೆಯಿಂದ. ಆ ನಾಲಿಗೆಗೆ ತನ್ನ ಕೈಯಡುಗೆ ಶಾಶ್ವತವಾಗಿ ನಿಂತುಹೋದರೆ ಅಂಗಡಿಯೂ ಇಲ್ಲ, ಇವನೂ ಇಲ್ಲ ಎಂದು ಅವನಿಗೆ ಅನಿಸಿಬಿಟ್ಟಿತ್ತು.

ಆವತ್ತೇ ಬೀದಿಗೆ ಬರಸಿಡಿಲು. ಬೇಕರಿ ಮುಚ್ಚಿದೆ! ಹಬ್ಬದ ದಿನವೂ ಮುಚ್ಚದ ಬೇಕರಿ! ಜನ ಷಟರಿಗೆ ಕಿವಿಯಿಟ್ಟು ಕೇಳಿದರು. ದರ್ಜಿ ಒಂದು ರಟ್ಟಿನ ಮೇಲೆ ‘ಮನೆಯೊಡತಿಯ ನಾಲಿಗೆಗೆ ರಜೆ’ ಎಂದು ಸೀಮೆಸುಣ್ಣದಲ್ಲಿ ಬರೆದು ತೂಗುಹಾಕಿದ. ಬ್ರೆಡ್ಡಿಲ್ಲದ ಮೂರನೆಯ ದಿನ ಪೋಸ್ಟಿನವನು ದುಃಖದಿಂದ ಒಂದೇ ಕಾಗದವನ್ನು ಮೂರು ಮನೆಗೆ ಕೊಟ್ಟನಂತೆ. ಇದನ್ನು ಬೇಕಾದರೆ ನಂಬಬೇಡ.

ಮನೆಯಲ್ಲಿ ಮಗಳು ಒಂದು ಉಪಾಯ ತಂದಳು.

“ಅಪ್ಪಾ, ಕಡಲೆಬೀಜದ ಬೆಣ್ಣೇಲಿ ಬಿಸ್ಕತ್ತು ಮಾಡ್ತಾರೆ. ಮೈದಾ ಬೇಡ, ಸಕ್ಕರೆ ಬೇಡ. ಕಡಲೆಬೀಜ, ಒಂದು ಮೊಟ್ಟೆ, ನಾಲ್ಕು ಖರ್ಜೂರ, ಚೂರು ಸೋಡಾ. ದಿನಕ್ಕೆ ಚಿಕ್ಕದೊಂದು ತಿನ್ನಬಹುದು ಅಂತ ಡಾಕ್ಟರೂ ಅಂದ್ರು.”

ಹಿಟ್ಟಪ್ಪ ತಲೆಯಾಡಿಸಿದ್ದು ಆಗ. ನಾನು ಮೊದಲು ಹೇಳಿದ ಬನ್ನಿನ ವಿಷಯ.

“ಮೈದಾ ಇಲ್ದೆ ಅದು ನಿಲ್ಲೋದು ಹೆಂಗೆ? ಗೋಡೇನೇ ಇಲ್ದೆ ಚಾವಣಿ ಹಾಕು ಅಂತೀಯಲ್ಲ! ನನ್ನ ಗುರು ಇದನ್ನ ಕೇಳಿದ್ರೆ ಸತ್ತಲ್ಲಿಂದ ಎದ್ದು ಬಂದು ಲಟ್ಟಣಿಗೇಲಿ ಹೊಡೀತಿದ್ರು.”

“ಹೊಡೆಸ್ಕೊಳ್ಳಿ,” ಎಂದಳು ಹೆಂಡತಿ ಕೋಣೆಯಿಂದ. “ಆದ್ರೆ ಮಾಡಿ.”

ಬೇಕರಿಯ ಭಟ್ಟಿಯಲ್ಲಿ ಮಾಡುವ ಹಾಗಿಲ್ಲ, ಅಲ್ಲಿ ಗಾಳಿಯೂ ಮೈದಾ. ಮನೆಯ ಅಡುಗೆಮನೆಯಲ್ಲಿ ರೇಡಿಯೋದಷ್ಟು ದೊಡ್ಡದೊಂದು ಓವನ್ ಇತ್ತು. ಮಗಳು ಅದನ್ನು ಮೂರು ಸಲ ತಿಕ್ಕಿ ತೊಳೆದಳು. ಒಂದು ಸಲಕ್ಕೆ ನೂರಿಪ್ಪತ್ತು ಬ್ರೆಡ್ಡು ಬೇಯಿಸುತ್ತಿದ್ದ ಮನುಷ್ಯ ಆ ಪುಟ್ಟ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತಾಗ, ಆನೆಯೊಂದು ಗೊಂಬೆಯ ಮನೆಯೊಳಗೆ ಇಣುಕಿದ ಹಾಗೆ ಕಾಣುತ್ತಿತ್ತು.

ಕಡಲೆಬೀಜವನ್ನು ಹದವಾಗಿ ಹುರಿದ. ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದಿದ. ಮಿಕ್ಸಿಗೆ ಹಾಕಿದ. ಮೊದಲು ಪುಡಿಯಾಯಿತು. ಇನ್ನೂ ತಿರುಗಿಸಿದ, ಪುಡಿ ಮುದ್ದೆಯಾಗಿ ಜಾರಿನ ಗೋಡೆಗೆ ಅಂಟಿಕೊಂಡು ಕೂತಿತು. ಮಿಕ್ಸಿ ಬಿಸಿಯಾಯಿತು. ಹಿಟ್ಟಪ್ಪನೂ ಬಿಸಿಯಾದ.

“ನೋಡು, ಕೆಟ್ಟೋಯ್ತು!”

“ಕೆಟ್ಟಿಲ್ಲ ಅಪ್ಪಾ. ಮಿಕ್ಸಿ ಆರಲಿ, ಮತ್ತೆ ತಿರುಗ್ಸಿ.”

ಆರಿಸಿ, ಬದಿಯನ್ನು ಚಮಚದಲ್ಲಿ ಕೆರೆದು ಮತ್ತೆ ತಿರುಗಿಸಿದ. ಆಗ ಒಳಗಿನಿಂದ ಸದ್ದು ಬದಲಾಯಿತು. ಗರಗರ ಎನ್ನುತ್ತಿದ್ದದ್ದು ಲೊಳಲೊಳ ಎಂದಿತು. ಮುಚ್ಚಳ ತೆಗೆದರೆ ಮುದ್ದೆಯೇ ಇಲ್ಲ, ಹೊಳೆಯುವ ಕಂದು ಬೆಣ್ಣೆ ಜಾರಿನಲ್ಲಿ ಅಲೆಯಾಡುತ್ತಿತ್ತು. ಒಂದು ಹನಿ ಎಣ್ಣೆ ಹಾಕಿರಲಿಲ್ಲ, ಒಂದು ಹನಿ ನೀರು ಹಾಕಿರಲಿಲ್ಲ. ಹಿಟ್ಟಪ್ಪ ಜಾರಿನ ತಳವನ್ನು ತಿರುಗಿಸಿ ನೋಡಿದ, ಯಾರಾದರೂ ಅಲ್ಲಿಂದ ಸುರಿದರೋ ಎಂದು.

ಖರ್ಜೂರ ಅರೆದು ಹಾಕಿದ, ಮೊಟ್ಟೆ ಒಡೆದ, ಸೋಡಾ ಉದುರಿಸಿ ಕಲಸಿದ. ಉಂಡೆ ಕಟ್ಟಿ, ಫೋರ್ಕಿನಿಂದ ಒತ್ತಿ ಓವನ್ನಿಗಿಟ್ಟು ಕಾದ. ಇಲ್ಲಿ ಅವನ ನಲವತ್ತೊಂದು ವರ್ಷದ ವಿದ್ಯೆಯೇ ಅವನಿಗೆ ಕೈಕೊಟ್ಟಿತು. ಬಿಸ್ಕತ್ತು ಬೆಂದಿದೆ ಎಂದು ಅವನು ತಿಳಿಯುವುದು ಬಣ್ಣದಿಂದ: ಬಿಳಿ ಅಂಚು ಕೆಂಪಾಗಬೇಕು. ಇದು ಒಳಗೆ ಹೋಗುವಾಗಲೇ ಕೆಂಪು! ಅವನು ಬಣ್ಣ ತಿರುಗಲಿ ಎಂದು ಕಾದ, ಕಾದ, ಹೊಗೆ ಬಂದಾಗ ಬಾಗಿಲು ತೆಗೆದ. ಒಳಗಿನದು ಎಷ್ಟು ಗಟ್ಟಿಯಾಗಿತ್ತೆಂದರೆ ಒಂದನ್ನು ದರ್ಜಿ ಇವತ್ತಿಗೂ ಬಟ್ಟೆ ಹಾರದ ಹಾಗೆ ಮೇಲೆ ಇಡಲು ಇಟ್ಟುಕೊಂಡಿದ್ದಾನೆ. ಎರಡನೆಯ ಸಲ ಬೇಗ ತೆಗೆದ, ಬಿಸಿಯಲ್ಲೇ ಎತ್ತಲು ಹೋದ, ಅದು ಬೆರಳ ಸಂದಿಯಲ್ಲಿ ಮರಳಾಗಿ ಸುರಿಯಿತು. ತಣ್ಣಗಾದ ಮೇಲೆ ತಾನೇ ಗಟ್ಟಿಯಾಗುತ್ತದೆ, ಅಲ್ಲಿಯವರೆಗೆ ಮುಟ್ಟಬಾರದು ಎಂದು ಮಗಳು ಹೇಳಿದ್ದು ಸುರಿದ ಮೇಲೆ ನೆನಪಾಯಿತು.

ಭಾನುವಾರ ಮೂರನೆಯ ಸಲ. ಈ ಸಲ ಬೇಕರಿಯಿಂದ ತನ್ನ ಹಳೆಯ ಏಪ್ರನ್ ತಂದ. ಏಪ್ರನ್ ಇಲ್ಲದೆ ನನಗೆ ಬತ್ತಲೆ ನಿಂತ ಹಾಗಾಗುತ್ತದೆ, ಅದಕ್ಕೇ ಕೈ ಓಡುತ್ತಿಲ್ಲ ಎಂದ. ಮಗಳು ಮೂಗು ಮುರಿದಳು. “ಒಗೆದಿದೆ ಕಣೆ, ನೋಡು!” ಎಂದು ತೋರಿಸಿದ. ಒಗೆದದ್ದು ನಿಜ. ಅವಳು ಕೆಲಸಕ್ಕೆ ಹೊರಟಳು.

ಈ ಸಲ ತಟ್ಟೆಯಿಂದ ಹನ್ನೆರಡು ಬಿಸ್ಕತ್ತು ಬಂತು. ಮೇಲೆ ಫೋರ್ಕಿನ ಗೆರೆ, ಅಂಚಿನಲ್ಲಿ ಸಣ್ಣ ಬಿರುಕು, ಇಡೀ ಮನೆಗೆ ಹುರಿದ ಬೀಜದ ಘಮ. ಹಿಟ್ಟಪ್ಪ ಉಸಿರು ಬಿಗಿಹಿಡಿದು ಒಂದನ್ನು ಎತ್ತಿದ. ನಿಂತಿತು! ಗೋಡೆಯಿಲ್ಲದ ಚಾವಣಿ ನಿಂತಿತ್ತು.

ಹೆಂಡತಿಯ ಮುಂದೆ ಹಿಡಿದ. ಆಕೆ ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ. ಅವನ ಕಣ್ಣೆದುರೇ ಕಚ್ಚಿ, ಅಗಿದು, ನುಂಗಿದಳು.

“ಚೆನ್ನಾಗಿದೆ.”

“ನಿಜ ಹೇಳೆ.”

“ಅಯ್ಯೋ, ಚೆನ್ನಾಗಿದೆ ಅಂದ್ನಲ್ಲ! ಹೋಗಿ ಬಾಗಿಲು ತೆಗೀರಿ. ನಾಲ್ಕು ದಿನದಿಂದ ಬೀದಿ ಬ್ರೆಡ್ಡಿಲ್ದೆ ಸಾಯ್ತಿದೆ.”

“ತಪ್ಪು ಹೇಳು. ಹೇಳಿದ್ರೆ ಹೋಗ್ತೀನಿ.”

“ಏನಿಲ್ಲ ರೀ. ಪಾಪ, ಇಷ್ಟು ಕಷ್ಟಪಟ್ಟಿದ್ದೀರಿ…”

ಆ ‘ಪಾಪ’ ಎಂಬ ಮಾತು ಅವನಿಗೆ ಇಕ್ಕಳಕ್ಕಿಂತ ಭಾರವಾಗಿ ಬಿತ್ತು. ಕರುಣೆಯಿಂದ ತಿನ್ನುತ್ತಿದ್ದಾಳೆ! ಅವನು ಷಟರ್ ಎತ್ತಲಿಲ್ಲ. ಆಕೆ ಅವನಿಗೆ ನಂಬಿಕೆ ಬರಲಿ ಎಂದು ಉಳಿದರ್ಧವನ್ನೂ ತಿಂದಳು.

ಮಧ್ಯಾಹ್ನ ಮೂರಕ್ಕೆ ಆಕೆ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಮುಖ ಬೂದಿಯಾಗಿತ್ತು, ಹಣೆಯಲ್ಲಿ ಬೆವರು. ಮಗಳು ಔಷಧಿ ಅಂಗಡಿಯಿಂದ ಓಡಿ ಬಂದಳು. ಡಾಕ್ಟರಿಗೆ ಫೋನು ಹೋಯಿತು. ಅವರು ಕೇಳಿದ್ದು ಒಂದೇ ಮಾತು: ಗೋಧಿ ಹಿಟ್ಟು ಒಳಗೆ ಹೋಯಿತೇ?

“ಇಲ್ಲ ಸ್ವಾಮಿ!” ಹಿಟ್ಟಪ್ಪ ಫೋನಿಗೆ ಕೂಗಿದ. “ನನ್ ಮಗಳಾಣೆ ಇಲ್ಲ! ಈ ಮನೇಲಿ ಒಂದು ಚಿಟಿಕೆ ಮೈದಾ ಇಲ್ಲ!”

ನೋವು ಇಳಿಯಲು ಎರಡು ದಿನ ಬೇಕಾಯಿತು. ಆ ಎರಡು ದಿನ ಹಿಟ್ಟಪ್ಪ ಮಂಚದ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೆಂಡತಿ ಎದ್ದು ಕೂತು ಗಂಜಿ ಕುಡಿದಳು. ಅವನು ಮೆಲ್ಲಗೆ ಹೇಳಿದ: “ಇನ್ನು ಮಾಡಲ್ಲ. ಬೇಕರಿ ಕೀಲಿ ಯಾರಿಗಾದ್ರೂ ಕೊಟ್ಬಿಡ್ತೀನಿ. ನನ್ನ ಕೈಯಿಂದ ಇನ್ನೇನೂ ತಿನ್ನಬೇಡ.”

ಮಗಳು ಸೊಂಟಕ್ಕೆ ಕೈಕೊಟ್ಟಳು. ತಾಯಿಯದೇ ಪಡಿಯಚ್ಚು.

“ಅಪ್ಪಾ, ಏಪ್ರನ್ ಕಟ್ಕೊಳ್ಳಿ. ಭಾನುವಾರ ಹೆಂಗೆ ಮಾಡಿದ್ರೋ ಹಂಗೇ ಮಾಡಿ. ನಾನು ನೋಡ್ತೀನಿ. ಯಾರೂ ತಿನ್ನೋದು ಬೇಡ.”

“ಯಾಕೆ?”

“ಮಾಡಿ ಅಂದ್ನಲ್ಲ.”

ಮಾಡಿದ. ಮಗಳು ಸ್ಟೂಲಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡಿದಳು. ಬೀಜ ಹುರಿದ, ತಪ್ಪಿಲ್ಲ. ಮಿಕ್ಸಿ ತಿರುಗಿಸಿದ, ತಪ್ಪಿಲ್ಲ. ಖರ್ಜೂರ, ಮೊಟ್ಟೆ, ಸೋಡಾ, ತಪ್ಪಿಲ್ಲ. ಉಂಡೆ ಕಟ್ಟಲು ಮುದ್ದೆಗೆ ಕೈ ಹಾಕಿದ. ಮುದ್ದೆ ಅಂಗೈಗೆ ಅಂಟಿಕೊಂಡಿತು. ಅವನು ಮಗಳ ಮುಖ ನೋಡುತ್ತ ಹೇಳುತ್ತಿದ್ದ: “ನೋಡಮ್ಮ, ಇಲ್ಲಿ ಎಲ್ಲಿದೆ ಹಿಟ್ಟು? ನೀನೇ ಹೇಳು, ಎಲ್ಲಿಂದ ಬರುತ್ತೆ…”

ಟಕ್ ಟಕ್.

“ಅಪ್ಪಾ!” ಮಗಳು ಕಿರುಚಿದಳು. “ಕೈ! ನಿಮ್ಮ ಕೈ ನೋಡಿ!”

ಹಿಟ್ಟಪ್ಪ ತನ್ನ ಎಡಗೈ ನೋಡಿದ. ಅಂಗೈಯಲ್ಲಿ, ಮುಚ್ಚಳಕ್ಕೆ ತೂತು ಕೊರೆದ ಸಣ್ಣ ತಗಡಿನ ಡಬ್ಬಿ. ಹಿಟ್ಟು ಕೈಗೆ ಅಂಟದ ಹಾಗೆ ಹಲಗೆಯ ಮೇಲೆ ಮೈದಾ ಉದುರಿಸುವ ಡಬ್ಬಿ ಅದು. ಕೆಲಸಕ್ಕೆ ಸೇರಿದ ದಿನ ಗುರು ಕೊಟ್ಟದ್ದು. ಅದು ಸದಾ ಏಪ್ರನಿನ ಒಳಜೇಬಿನಲ್ಲಿ ಇರುತ್ತಿತ್ತು. ಏಪ್ರನ್ ಒಗೆದಾಗ ತೆಗೆದಿಟ್ಟಿದ್ದನ್ನು, ತೊಟ್ಟಾಗ ಮತ್ತೆ ಒಳಗೆ ಇಳಿಬಿಟ್ಟಿದ್ದ. ಯಾವಾಗ? ಅವನಿಗೆ ಗೊತ್ತಿಲ್ಲ. ಮುದ್ದೆ ಅಂಗೈಗೆ ಅಂಟಿದ ಕೂಡಲೇ ಅವನ ಕೈ ಅವನನ್ನು ಕೇಳದೆ ಜೇಬಿಗಿಳಿದು, ಡಬ್ಬಿ ತೆಗೆದು, ಎರಡು ಸಲ ತಟ್ಟಿ, ಮತ್ತೆ ಇಡಲು ಹೊರಟಿತ್ತು. ಕಪ್ಪು ತಟ್ಟೆಯ ಮೇಲೆ ಬೆಳ್ಳಗೆ, ನವಿರಾಗಿ, ಒಬ್ಬ ಒಳ್ಳೆಯ ಕೆಲಸಗಾರನೇ ಉದುರಿಸಬಲ್ಲಷ್ಟು ಸಮನಾಗಿ ಹಿಟ್ಟು ಬಿದ್ದಿತ್ತು.

ಅಯ್ಯಾ, ಆಣೆಯಿಟ್ಟು ಹೇಳುತ್ತೇನೆ, ಹಿಟ್ಟಪ್ಪ ಆ ಕೈಯನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡಿದ. ಎತ್ತಿ ನೋಡಿದ, ತಿರುಗಿಸಿ ನೋಡಿದ. ಸುಟ್ಟ ಕಲೆ ಅವನದೇ, ಸೊಟ್ಟ ಕಿರುಬೆರಳು ಅವನದೇ.

“ನನಗೆ ಗೊತ್ತೇ ಆಗಲಿಲ್ವಲ್ಲೋ!” ಎಂದು ಅವನು ಕೂಗಿದ್ದು ಮಗಳಿಗಲ್ಲ, ಕೈಗೆ. “ನನ್ ಹೆಂಡ್ತಿ ಕಣೋ ಅವಳು!”

ಕೋಣೆಯಲ್ಲಿದ್ದವಳು ಬಾಗಿಲಿಗೆ ಬಂದು ನಿಂತಿದ್ದಳು. ಡಬ್ಬಿ ನೋಡಿದಳು, ಗಂಡನನ್ನು ನೋಡಿದಳು. ನಗಲೂ ಆಗದೆ ಅಳಲೂ ಆಗದೆ ಚೌಕಟ್ಟಿಗೆ ಒರಗಿದಳು.

“ಕೈ ಬಂಗಾರ ಅಂದಿದ್ದೆ,” ಎಂದಳು. “ಬಂಗಾರಕ್ಕೆ ಬುದ್ಧಿ ಇರಲ್ಲ, ಅದನ್ನ ಹೇಳೋದು ಮರೆತಿದ್ದೆ.”

ಅವತ್ತು ಹಿಟ್ಟಪ್ಪ ಮಾಡಿದ್ದನ್ನು ಕೇಳಿದರೆ ನೀನು ಮತ್ತೆ ಸುಳ್ಳು ಎನ್ನುತ್ತೀಯೆ. ಏಪ್ರನನ್ನೂ ಡಬ್ಬಿಯನ್ನೂ ದರ್ಜಿಯ ಅಂಗಡಿಯಲ್ಲಿಟ್ಟು ಬೀಗ ಹಾಕಿಸಿದ. ಮೂರು ಸಲ ಸ್ನಾನ ಮಾಡಿದ. ಬಚ್ಚಲ ಕಂಡಿಯಲ್ಲಿ ಇಳಿದ ನೀರು ಗಂಜಿಯಾಗಿ ಕಟ್ಟಿಕೊಂಡಿತು, ಕಡ್ಡಿ ಹಾಕಿ ಚುಚ್ಚಬೇಕಾಯಿತು. ಕನ್ನಡಿ ನೋಡಿದ. ಎಲ್ಲ ಹೋಗಿತ್ತು, ಮೀಸೆಯಲ್ಲಿ ಮಾತ್ರ ಇನ್ನೂ ಬಿಳಿ. ಅದು ಹಿಟ್ಟೋ ವಯಸ್ಸೋ ಅವನಿಗೂ ಗೊತ್ತಾಗಲಿಲ್ಲ. ರೇಜರ್ ತೆಗೆದುಕೊಂಡ. ನಲವತ್ತೊಂದು ವರ್ಷದ ಮೀಸೆ!

ಇನ್ನು ಬಟ್ಟೆ. ಅವನ ಯಾವ ಅಂಗಿ ಕೊಡವಿದರೂ ಹೊಲಿಗೆಯ ಸಂದಿಯಿಂದ ಬಿಳಿ ಉದುರುತ್ತಿತ್ತು. ಹೆಂಡತಿಯ ಕಪಾಟಿನಲ್ಲಿ ಹೊಸದೊಂದು ನೈಟಿ ಇತ್ತು, ನೇರಳೆ ಹೂವಿನದು. ಹಿಂದೆಮುಂದೆ ನೋಡದೆ ತೊಟ್ಟ. ತಲೆಗೆ ಟವೆಲ್ ಸುತ್ತಿದ. ಎಡಗೈಯನ್ನು ಸೊಂಟಕ್ಕೆ ಸೇರಿಸಿ ಮಗಳ ಕೈಯಿಂದ ಕಟ್ಟಿಸಿಕೊಂಡ. ಒಂದೇ ಕೈಯಲ್ಲಿ ಬೀಜ ಹುರಿದು, ಒಂದೇ ಕೈಯಲ್ಲಿ ಕಲಸಿ, ಹನ್ನೆರಡು ಸೊಟ್ಟಸೊಟ್ಟ ಉಂಡೆ ಇಟ್ಟ. ಉಂಡೆ ಅಂಗೈಗೆ ಅಂಟಿದಾಗೆಲ್ಲ ಕಟ್ಟಿದ ಕೈ ಹಗ್ಗದೊಳಗೆ ಮಿಡುಕುತ್ತಿತ್ತು. “ಸುಮ್ನಿರೋ!” ಎಂದು ಗದರುತ್ತಿದ್ದ. ಬಲಗೈಯನ್ನು ಮಗಳು ನೀರಲ್ಲಿ ಅದ್ದಿಸಿದಳು. ಒದ್ದೆ ಕೈಗೆ ಉಂಡೆ ಅಂಟುವುದಿಲ್ಲ ಎಂಬ ಸಣ್ಣ ವಿಷಯ ನಲವತ್ತೊಂದು ವರ್ಷದ ಬೇಕರಿಯವನಿಗೆ ಆವತ್ತು ತಿಳಿಯಿತು. ಅದೂ ಒಂದು ಆಘಾತ.

ಅಷ್ಟರಲ್ಲಿ ನಿದ್ದೆಯಿಂದೆದ್ದ ಹೆಂಡತಿ ಅಡುಗೆಮನೆಗೆ ಬಂದಳು. ಮೀಸೆಯಿಲ್ಲದ, ಟವೆಲ್ ಸುತ್ತಿದ, ತನ್ನದೇ ನೈಟಿ ತೊಟ್ಟ ಯಾರೋ ಓವನ್ನಿನ ಮುಂದೆ ಬಗ್ಗಿದ್ದನ್ನು ಕಂಡು, “ಅಯ್ಯಯ್ಯೋ, ಯಾರ್ರೀ ಇದು!” ಎಂದು ಹೌಹಾರಿದಳು. ಆ ಕೂಗು ದರ್ಜಿಯ ಅಂಗಡಿಯವರೆಗೆ ಕೇಳಿ, ಅವನು ಟೇಪು ಕೊರಳಲ್ಲೇ ಹಾಕಿಕೊಂಡು ಓಡಿ ಬಂದ. ಬಂದವನು ಬಾಗಿಲಲ್ಲೇ ನಿಂತು ಬಾಯಿ ತೆರೆದ. ಆ ಮನುಷ್ಯನ ಬಾಯಿಗೆ ಮಾತು ಸಿಗದೆ ಹೋದದ್ದು ಆವತ್ತೊಂದೇ ದಿನ.

ಬಿಸ್ಕತ್ತು ತಣ್ಣಗಾಗುವವರೆಗೆ ನಾಲ್ವರೂ ತಟ್ಟೆಯ ಸುತ್ತ ನಿಂತರು, ಯಾರೂ ಮುಟ್ಟಲಿಲ್ಲ. ಆಮೇಲೆ ಮಗಳು ಒಂದನ್ನು ಎತ್ತಿ, ಅಡಿ ನೋಡಿ, ಬೆಳಕಿಗೆ ಹಿಡಿದು, ತಾಯಿಯ ಕೈಗಿಟ್ಟಳು.

ಆಕೆ ಕಚ್ಚಿದಳು. ಕಣ್ಣು ಮುಚ್ಚಿದಳು. ಅಗಿದಳು. ಹಿಟ್ಟಪ್ಪ ನೈಟಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಚೆನ್ನಾಗಿದೆ ಎಂದುಬಿಟ್ಟರೆ ತಾನು ಕುಸಿಯುವುದು ಖಂಡಿತ ಎಂದು ಗೋಡೆಯ ಪಕ್ಕಕ್ಕೆ ಸರಿದುಕೊಂಡ.

ಆಕೆಯ ಹುಬ್ಬು ಗಂಟಾಯಿತು.

“ಉಪ್ಪೆಲ್ಲಿ?” ಎಂದಳು. “ಒಂದು ಹರಳು ಉಪ್ಪು ಹಾಕಿಲ್ವಲ್ರೀ! ಖರ್ಜೂರ ಸರಿಯಾಗಿ ಅರೆದಿಲ್ಲ, ಹಲ್ಲಿಗೆ ನಾರು ಸಿಗುತ್ತೆ. ಬೀಜ ಒಂದು ಕಡೆ ಹೆಚ್ಚು ಹುರಿದಿದೆ. ಉಂಡೆ ನೋಡಿ, ಒಂದು ನಿಂಬೆಹಣ್ಣು, ಒಂದು ಗೋಲಿ! ಇದನ್ನ ಬಿಸ್ಕತ್ತು ಅಂತಾರಾ? ಮತ್ತೆ ಆ ನೈಟಿ ನಂಗೆ ಮಗಳು ತಂದ್ಕೊಟ್ಟಿದ್ದು, ಇನ್ನೂ ಒಂದು ಸಲಾನೂ ಹಾಕಿರಲಿಲ್ಲ!”

ಹಿಟ್ಟಪ್ಪ ಗೋಡೆಗೆ ಒರಗಿ ಜಾರಿ ನೆಲದ ಮೇಲೆ ಕೂತ. ಕಟ್ಟಿದ ಕೈ ಕಟ್ಟಿದ ಹಾಗೇ ಇತ್ತು. ಬಿಡುವಾಗಿದ್ದ ಕೈಯಲ್ಲಿ ಬೋಳು ಮೇಲ್ದುಟಿಯನ್ನು ಒರೆಸಿಕೊಂಡ.

“ಇನ್ನೊಂದ್ಸಲ ಹೇಳೆ,” ಎಂದ.

“ಉಪ್ಪಿಲ್ಲ ಅಂದೆ! ಕಿವಿನೂ ಬೋಳಿಸ್ಕೊಂಡ್ರಾ?”

ಆದರೂ ಅವನು ಕೂಡಲೇ ಓಡಲಿಲ್ಲ. ಮಾರನೆಯ ದಿನ ಮಧ್ಯಾಹ್ನದವರೆಗೆ ಹೆಂಡತಿಯ ಎದುರು ಕುರ್ಚಿ ಹಾಕಿಕೊಂಡು ಅವಳ ಹೊಟ್ಟೆಯನ್ನೇ ನೋಡುತ್ತ ಕೂತ. ಹಾಲು ಉಕ್ಕುವುದನ್ನು ಕಾಯುವ ಹಾಗೆ ಕೂತಿದ್ದೀರಲ್ಲ, ಏನೂ ಆಗಿಲ್ಲ, ಏಳಿ ಎಂದು ಆಕೆ ಬೈದಳು. ಮೂರು ಗಂಟೆ ಹೊಡೆಯಿತು. ಆಕೆ ಎದ್ದು ಗಿಡಗಳಿಗೆ ನೀರು ಹಾಕಿದಳು. ನಾಲ್ಕು ಹೊಡೆಯಿತು. ಹಿಟ್ಟಪ್ಪ ಎದ್ದು ಬೇಕರಿಗೆ ಹೋಗಿ ಭಟ್ಟಿ ಹಚ್ಚಿದ.

ಅಂದು ಷಟರ್ ಎದ್ದದ್ದು ಸಂಜೆ ಏಳಕ್ಕೆ. ಬೆಳಗಿನ ಬ್ರೆಡ್ಡನ್ನು ಸಂಜೆ ಕೊಂಡ ಬೀದಿ ಬೇರೆಲ್ಲೂ ಇರಲಿಕ್ಕಿಲ್ಲ. ಜನ ಸಾಲಾಗಿ ನಿಂತು, ಮೀಸೆಯಿಲ್ಲದ ಈ ಹೊಸ ಬೇಕರಿಯವನು ಯಾರು, ಹಿಟ್ಟಪ್ಪ ಎಲ್ಲಿ ಹೋದ ಎಂದು ಹಿಟ್ಟಪ್ಪನನ್ನೇ ಕೇಳಿದರು.

ಈಗಲೂ ಪದ್ಧತಿ ಹಾಗೇ ಇದೆ. ಬೆಳಿಗ್ಗೆ ಮನೆಯಲ್ಲಿ, ಆ ರೇಡಿಯೋದಷ್ಟು ಓವನ್ನಿನಲ್ಲಿ, ಹಿಟ್ಟಪ್ಪ ಒದ್ದೆ ಕೈಯಲ್ಲಿ ಉಂಡೆ ಒತ್ತುತ್ತಾನೆ. ಮುಚ್ಚಿದ ಡಬ್ಬಿಯಲ್ಲಿ ಒಂದನ್ನು ತರುತ್ತಾನೆ. ಹೆಂಡತಿ ಬೇಕರಿಯ ಒಳಗೆ ಬರುವುದಿಲ್ಲ, ಆ ಗಾಳಿ ಅವಳಿಗಾಗದು. ರಸ್ತೆಯ ಈಚೆ ದರ್ಜಿಯ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕಚ್ಚುತ್ತಾಳೆ, ಅಲ್ಲಿಂದಲೇ ತಪ್ಪನ್ನು ಕೂಗುತ್ತಾಳೆ. ಮೊದಲು ಗಂಡನಿಗೊಬ್ಬನಿಗೆ ತಿಳಿಯುತ್ತಿದ್ದ ತಪ್ಪು ಈಗ ಇಡೀ ಬೀದಿಗೆ ತಿಳಿಯುತ್ತದೆ. ಬೇಕರಿಯ ಬನ್ನಿಗೂ ಈ ಬಿಸ್ಕತ್ತಿಗೂ ಏನು ಸಂಬಂಧ ಎನ್ನುತ್ತೀಯಾ? ನನಗೂ ಗೊತ್ತಿಲ್ಲ. ಅದನ್ನು ಕೇಳಿದ ಮೇಲೇ ಅವನು ಷಟರಿಗೆ ಕೈ ಹಾಕುವುದು.

ಇನ್ನೂ ನಂಬಿಕೆ ಇಲ್ಲವೇ? ನಾಳೆ ಆರೂವರೆಗೆ ದರ್ಜಿಯ ಮೆಟ್ಟಿಲ ಹತ್ತಿರ ನಿಂತು ನೋಡು. ಆ ಕಲ್ಲಿನಂಥ ಬಿಸ್ಕತ್ತೂ ಅಲ್ಲೇ ಬಟ್ಟೆಯ ಮೇಲಿದೆ, ಹಲ್ಲು ಗಟ್ಟಿಯಿದ್ದರೆ ಕಚ್ಚು. ಇನ್ನು ಆ ಮೀಸೆ ಒಳಗೆ ಕಪ್ಪೋ ಬಿಳಿಯೋ ಎಂಬ ವಾದ ಇತ್ತಲ್ಲ, ಬೋಳಿಸಿದಾಗ ಮಗಳು ಬಚ್ಚಲಲ್ಲಿ ಆ ಕೂದಲು ತೊಳೆದು ನೋಡಿದಳಂತೆ, ನೋಡಿದರೆ ಅದು…

“ತಟ್ಟೆ ಹಾಕಿ ಎಷ್ಟೊತ್ತಾಯ್ತು ರೀ? ಆ ಪುರಾಣ ನಿಲ್ಸಿ ಊಟಕ್ಕೆ ಬರ್ತೀರೋ, ಎತ್ತಿಡ್ಲೋ?”

ನನ್ನ ಮನೆಯವಳು ಕೂಗಿದಳು. ಬಂದೆ, ಬಂದೆ!